ಬಾಯಲ್ಲಿ ಉಳಿದ ಜೋಡಿಗಳು

ನನ್ನ ಹೆಂಡತಿ ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು. ನಾನು ಅದೇ ಊರಿನಲ್ಲಿ ನೂಲಿನ ಅಂಗಡಿ ಇಟ್ಟವನು. ನನ್ನ ಇಂಗ್ಲಿಷ್ ನೂಲಿನ ಚೀಲದ ಮೇಲಿನ ಅಕ್ಷರ ಓದುವುದಕ್ಕೆ ಸಾಕಾಗುತ್ತಿತ್ತು, ಅದಕ್ಕಿಂತ ಹೆಚ್ಚಿನದು ನನಗೆ ಬೇಕೂ ಇರಲಿಲ್ಲ. ಕಳೆದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಬಚ್ಚಲಿಗೆ ಹೋದವಳು ಗೋಡೆ ಹಿಡಿದುಕೊಂಡು ಹೊರಗೆ ಬಂದಳು, ಏನೋ ಹೇಳಲು ಬಾಯಿ ತೆರೆದಳು, ಅಲ್ಲೇ ಕುಸಿದಳು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅವಳಿಗೆ ಎಲ್ಲ ತಿಳಿಯುತ್ತದೆ, ಹೇಳಲು ಬರುವುದಿಲ್ಲ ಅಷ್ಟೇ ಅಂದರು ಡಾಕ್ಟರು. ಅಷ್ಟೇ ಅನ್ನುವ ಮಾತನ್ನು ಎಷ್ಟು ಸಲೀಸಾಗಿ ಅಂದರು ಅಂತ ನನಗೆ ಇವತ್ತಿಗೂ ಸಿಟ್ಟಿದೆ. ನೀರು ಅನ್ನಲು ಬರುತ್ತಿರಲಿಲ್ಲ. ಹಸಿವು ಅನ್ನಲು ಬರುತ್ತಿರಲಿಲ್ಲ. ಮದುವೆಯಾದಾಗಿನಿಂದ ಅವಳು ನನ್ನನ್ನು 'ರೀ' ಅಂತ ಕರೆಯುತ್ತಿದ್ದಳು, ಆ ಒಂದಕ್ಷರವೂ ಬರಲಿಲ್ಲ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಇದ್ದ ದನಿಯೇ ಅವಳದು. ಅವಳ ಬಾಯಿಂದ ನನಗಾಗಿ ಒಂದು ಮಾತು ಬರಬೇಕು, ಅದೊಂದೇ ನನ್ನ ಹರಕೆಯಾಯಿತು. ವಾರಕ್ಕೆರಡು ಸಲ ಕಾರು ಮಾಡಿಕೊಂಡು, ಜಮಖಂಡಿ ದಾಟಿ, ವಿಜಯಪುರಕ್ಕೆ ಕರೆದೊಯ್ಯುತ್ತಿದ್ದೆ. ಅಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಹುಡುಗಿ, ಇಂಥವರಿಗೆ ಮಾತು ಕಲಿಸುವವಳು, ಲೋಟದ ಚಿತ್ರ ತೋರಿಸಿ 'ಇದೇನು' ಅಂತ ಕೇಳುತ್ತಿದ್ದಳು. ಎರಡು ತಿಂಗಳಾದರೂ ಲೋಟ ಲೋಟವಾಗಲಿಲ್ಲ.

ಒಂದು ಭಾನುವಾರ ಅವಳ ಹಳೆಯ ವಿದ್ಯಾರ್ಥಿನಿ ಒಬ್ಬಳು ನೋಡಲು ಬಂದಳು. ಈಗ ಮುಧೋಳದ ಶಾಲೆಯಲ್ಲಿ ತಾನೂ ಪಾಠ ಹೇಳುವ ಅಕ್ಕೋರಾಗಿರುವವಳು. ಬಂದವಳಿಗೆ ಏನು ಮಾತಾಡಬೇಕೋ ತಿಳಿಯದೆ, ನಗಿಸೋಣವೆಂದು, ನನ್ನ ಹೆಂಡತಿ ಕ್ಲಾಸಿನಲ್ಲಿ ಹೇಳುತ್ತಿದ್ದ ಧಾಟಿಯಲ್ಲೇ 'ಟೇಕ್ ಎ ಡೀಪ್' ಅಂದು ನಿಲ್ಲಿಸಿದಳು.

"ಬ್ರೆತ್" ಅಂದಳು ನನ್ನ ಹೆಂಡತಿ. ಮೊದಲಿನ ದನಿ. ಒಂದಿಷ್ಟೂ ತೊದಲಿಲ್ಲ.

ಆ ಧಾಟಿಯ ಕಥೆ ಹೇಳಬೇಕು. ಇಂಗ್ಲಿಷಿನಲ್ಲಿ ಇಂಥ ಕ್ರಿಯಾಪದಕ್ಕೆ, ಇಂಥ ನಾಮಪದದ ಹಿಂದೆ, ಇಂಥದೇ ವಿಶೇಷಣ ಬರಬೇಕು ಅನ್ನುವುದು ಅವಳ ಜೀವನದ ದೊಡ್ಡ ಪಾಠವಾಗಿತ್ತು. ಉಸಿರು ಡೀಪ್, ಗಮನ ಕ್ಲೋಸ್, ನೆಗಡಿ ಬ್ಯಾಡ್. ಯಾಕೆ ಅಂತ ಮಕ್ಕಳು ಕೇಳಿದರೆ, ನಾವು ಕಡಕ್ ಚಹಾ ಅಂತೀವಿ, ಗಟ್ಟಿ ಚಹಾ ಅನ್ನೂದಿಲ್ಲ, ಅದಕ್ಕೇನು ಕಾರಣ ಐತಿ, ಮಂದಿ ಹಂಗ ಅಂದ್ರು, ಹಂಗ ಆತು ಅನ್ನುತ್ತಿದ್ದಳಂತೆ. ಸುತ್ತ ಪವರ್‌ಲೂಮಿನ ಗದ್ದಲ, ವಿವರಿಸಿ ಹೇಳಿದರೆ ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಅದಕ್ಕೇ ಅವಳು ಮೊದಲರ್ಧ ಕೂಗುವುದು, ಮಕ್ಕಳು ಉಳಿದ ಶಬ್ದ ಕೂಗುವುದು, ಆಮೇಲೆ ಅದನ್ನೇ ಅವಳು ಇನ್ನೊಮ್ಮೆ ಕೂಗುವುದು. ಪೇ ಕ್ಲೋಸ್, ಅಟೆನ್ಶನ್. ಕ್ಯಾಚ್ ಎ ಬ್ಯಾಡ್, ಕೋಲ್ಡ್. ಟೇಕ್ ಎ ಲಾಂಗ್, ವಾಕ್. ದಿನಕ್ಕೆ ಐದು ಕ್ಲಾಸು, ಮೂವತ್ತು ವರ್ಷ.

ಅವತ್ತು ಆ ವಿದ್ಯಾರ್ಥಿನಿ ಕೇಳಿದ ಹನ್ನೆರಡಕ್ಕೆ ಹನ್ನೆರಡೂ ಹೇಳಿದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಂದೆ. ನನಗೆ ಗೊತ್ತಿದ್ದ ದೇವರಿಗೆಲ್ಲ ಕೈಮುಗಿದೆ. ವಿದ್ಯಾರ್ಥಿನಿಯ ಕೈಯಲ್ಲಿ ಅವಳಿಗೆ ನೆನಪಿದ್ದ ಜೋಡಿಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆಸಿಕೊಂಡೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕೂತು ಬಾಯಿಪಾಠ ಮಾಡಿದೆ, ಅರವತ್ತೆಂಟನೆಯ ವಯಸ್ಸಿಗೆ. ಮನೆಗೆ ಬಂದು ಅವಳ ಮಂಚದ ಎದುರು ನಿಂತು, ನನ್ನ ಒರಟು ನಾಲಿಗೆಯಲ್ಲಿ ಮೊದಲರ್ಧ ಕೂಗುತ್ತಿದ್ದೆ. ಅವಳು ಎರಡನೆಯದನ್ನು ಕೊಡುತ್ತಿದ್ದಳು. ನಾನು ಅದನ್ನು ಸಂಸಾರದ ಮಾತುಕತೆ ಅಂದುಕೊಂಡೆ.

ಊರೆಲ್ಲ ಸುದ್ದಿಯಾಯಿತು. ಅಕ್ಕೋರಿಗೆ ಕನ್ನಡ ಹೋಗಿ ಇಂಗ್ಲಿಷ್ ಉಳಿದಿದೆ ಅಂತ ಮಂದಿ ಬರತೊಡಗಿದರು. ಬಂದವರ ಮುಂದೆ ನಾನೇ ಶುರು ಮಾಡುತ್ತಿದ್ದೆ. ಸುಳ್ಳೇಕೆ ಹೇಳಲಿ, ಹೆಮ್ಮೆಯಿತ್ತು. ತಪ್ಪದೆ ಹೇಳಿದಾಗ ಯಾರಾದರೂ ಅವಳ ಬಾಯಿಗೆ ಪೇಡೆಯ ಚೂರು ಇಡುತ್ತಿದ್ದರು. ಅವಳು ಒಂದೊಂದು ಸಲ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದಳು, ಆದರೂ ನಾನು ಕೂಗಿದರೆ ಉತ್ತರ ಬಂದೇಬರುತ್ತಿತ್ತು, ತಡೆಯುವುದು ಅವಳ ಕೈಯಲ್ಲಿ ಇರಲಿಲ್ಲ. ಮಂಗ ಕುಣಿಸಿದಂತೆ ಕುಣಿಸಿದೆ ಅವಳನ್ನು. ಇಲ್ಲೇ ಇಷ್ಟು ಮಾತು ಬರುತ್ತಿರುವಾಗ ಲೋಟದ ಚಿತ್ರ ನೋಡಲು ವಿಜಯಪುರದವರೆಗೆ ಯಾಕೆ ಹೋಗಬೇಕು ಅನ್ನಿಸಿತು. ಹೋಗುವುದನ್ನು ಬಿಟ್ಟೆ. ಮಾತು ಕಲಿಸುವ ಆ ಹುಡುಗಿ ನಾಲ್ಕೈದು ಸಲ ಫೋನ್ ಮಾಡಿದಳು, ನಾನು ಎತ್ತಲಿಲ್ಲ. ಹೀಗೆ ಆರು ತಿಂಗಳು ಕಳೆದವು.

ಆಮೇಲೆ ಒಂದು ಮಧ್ಯಾಹ್ನ ಅವಳು ಮಲಗಿದಲ್ಲಿಂದಲೇ ಮಂಚದ ಚೌಕಟ್ಟನ್ನು ಎಡಗೈಯಿಂದ ಬಡಿಯತೊಡಗಿದಳು. ಏನು ಬೇಕು ಅಂದೆ. ನೀರು ಕೊಟ್ಟೆ, ಬೇಡ. ಫ್ಯಾನು ಹಾಕಿದೆ, ಅದಲ್ಲ. "ವಾಕ್, ವಾಕ್" ಅಂದಳು. ಮಾತು ಸಿಕ್ಕಿಕೊಂಡಿದೆ, ನಾಲಿಗೆ ಸಡಿಲಾಗಲಿ ಅಂತ ನಾನು ಜೋಡಿಗಳನ್ನು ಶುರು ಮಾಡಿದೆ. ಪೇ ಕ್ಲೋಸ್ ಅಂದೆ. ಅಟೆನ್ಶನ್ ಅಂದಳು, ಕಣ್ಣಲ್ಲಿ ನೀರು. ಕ್ಯಾಚ್ ಎ ಬ್ಯಾಡ್ ಅಂದೆ. ಕೋಲ್ಡ್ ಅಂದಳು. ಹೀಗೆ ಇಪ್ಪತ್ತು ಹೇಳಿಸಿರಬೇಕು. ಅಷ್ಟರಲ್ಲಿ ಅಡುಗೆಗೆ ಬರುವ ಹೆಣ್ಣುಮಗಳು ಬಂದು ಅವಳ ಮುಖ ನೋಡಿದ್ದೇ ಮಗ್ಗುಲು ಹೊರಳಿಸಿದಳು. ಬೆನ್ನ ತುಂಬ ಕೆಂಪು ಇರುವೆ. ಹಾಸಿಗೆಯಲ್ಲಿ ಬಿದ್ದ ಪೇಡೆಯ ಪುಡಿಗೆ ಹತ್ತಿದ್ದವು. ಸೊಂಟದಿಂದ ಹೆಗಲವರೆಗೆ ದದ್ದು ಎದ್ದಿತ್ತು.

"ಸಾವಕಾರ್ರ, ನೀವು ಏನ ಮಾಡಾಕತ್ತೀರಿ?" ಅಂದಳು ಆ ಹೆಣ್ಣುಮಗಳು.

ಮರುದಿನವೇ ವಿಜಯಪುರಕ್ಕೆ ಹೋದೆವು. ಆ ಹುಡುಗಿ ಮೊದಲಿನಂತೆಯೇ ಚಿತ್ರಗಳನ್ನು ತೋರಿಸಿದಳು, ಬರೆದುಕೊಂಡಳು. ನಾನು ತಡೆಯಲಾರದೆ ಜೋಡಿಗಳ ವಿಷಯ ತೆಗೆದೆ, ಒಂದೆರಡು ಹೇಳಿಸಿಯೂ ತೋರಿಸಿದೆ. ಅವಳು ನನ್ನನ್ನು ಹೊರಗೆ ಕರೆದು, ಅದು ಮಾತಲ್ಲ ಅಂದಳು. ಒಂದು ಎರಡು ಮೂರು ಅಂತ ಎಣಿಸಿದ ಹಾಗೆ, ಸಾವಿರಾರು ಸಲ ಹೇಳಿದ್ದು ನಾಲಿಗೆಯಿಂದ ತಾನೇ ಉರುಳುತ್ತದೆ, ಮನಸ್ಸಿನಲ್ಲಿದ್ದದ್ದನ್ನು ಹೇಳುವ ದಾರಿಯೇ ಬೇರೆ. ಆ ದಾರಿಯನ್ನು ತೆರೆಯಲು ಮೊದಲ ತಿಂಗಳುಗಳೇ ಮುಖ್ಯವಾಗಿದ್ದವು. ಇನ್ನು ಪ್ರಯತ್ನ ಮಾಡೋಣ, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಅಂದಳು. ಮೆತ್ತಗೆ ಹೇಳಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನನ್ನ ಕಾಲ ಮೇಲೆ ಕಲ್ಲು ಹಾಕಿಕೊಂಡಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಹಾಕಿದ್ದು ಅವಳ ಕಾಲ ಮೇಲೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ಸಾವಿರಾರು ಸಲ ಹೇಳಿದ್ದು ಬರುತ್ತದೆ ಅನ್ನುವುದಾದರೆ, ನನ್ನದೆಂಬುದು ಏನಾದರೂ ಅವಳ ನಾಲಿಗೆಯ ಮೇಲೆ ಇರಲೇಬೇಕಲ್ಲ. 'ರೀ' ಅನ್ನುವುದಕ್ಕೆ ನಾನು ಎತ್ತಿಕೊಡಬಹುದಾದ ಮೊದಲರ್ಧವಿಲ್ಲ. ಆಗ ಒಡಪು ನೆನಪಾಯಿತು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಹೆಂಗಸರು ಕಾಡಿದಾಗ ಮಾತ್ರ, ಪ್ರಾಸದ ಎರಡು ಸಾಲು ಕಟ್ಟಿ, ಅದರ ತುದಿಗೆ ಹೆಸರು ಹೇಳಿ ಮುಖ ಮುಚ್ಚಿಕೊಳ್ಳುತ್ತಾಳೆ. ಅವಳು ಗಲಗಲಿಯವಳು. ತನ್ನ ಒಡಪನ್ನು ತಾನೇ ಕಟ್ಟಿದ್ದಳು. ಮನೆಗೆ ಬಂದು ಅವಳನ್ನು ಎತ್ತಿ ಕೂರಿಸಿ, ಎದುರಿಗೆ ಕುಳಿತು ಹೇಳಿದೆ.

"ಗಲಗಲಿ ಹೊಳ್ಯಾಗ ನೀರು ತಿಳಿ, ದಂಡ್ಯಾಗಿನ ಮಲ್ಲಿಗಿ ಬಿಳಿ, ಬನಹಟ್ಟಿ ರಾಯರ ಹೆಸರು ಕೇಳಿ..."

ನಿಲ್ಲಿಸಿದೆ. ಅವಳಿಗೆ ಅರ್ಥವಾಯಿತು, ಮುಖ ಕೆಂಪಾಯಿತು, ನಲವತ್ತು ವರ್ಷದ ಹಿಂದೆ ಆದ ಹಾಗೇ. ಬಾಯಿ ತೆರೆದಳು. ತುಟಿ ಕೂಡಿಸಿದಳು, ಬಿಟ್ಟಳು, ಮತ್ತೆ ಕೂಡಿಸಿದಳು. ಕೊನೆಗೆ ಬಂದದ್ದು "ಬ್ರೆತ್". ತಪ್ಪಾಯಿತೆಂದು ಅವಳಿಗೇ ಗೊತ್ತಾಗಿ, ಎಡಗೈಯಿಂದ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ.

ನನ್ನ ಹೆಸರು ಯಾಕೆ ಬರಬೇಕು ಹೇಳಿ. ಒಡಪು ಹೇಳಿದ್ದು ಜನ್ಮಕ್ಕೊಮ್ಮೆ. ಮದುವೆಯಾದ ಹೊಸದರಲ್ಲಿ ಇನ್ನೂ ಒಂದು ಸಲ, ಅಂಗಡಿಗೆ ಊಟದ ಡಬ್ಬಿ ತಂದವಳು, ನಗುತ್ತ, ನನ್ನನ್ನು ಹೆಸರು ಹಿಡಿದು ಕರೆದಿದ್ದಳು. ಗಿರಾಕಿಗಳು ಇದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು.

"ನಾಕ ಮಂದ್ಯಾಗ ಹೆಸರ ಹಿಡದ ಕರೀಬ್ಯಾಡ. ಕಲತಾಕಿ ಅಂತ ಮೆರೀಬ್ಯಾಡ" ಅಂದಿದ್ದೆ.

"ಆತ್ರಿ" ಅಂದಿದ್ದಳು. ಮತ್ತೆಂದೂ ಕರೆಯಲಿಲ್ಲ.

ಈಗ ದಿನಾ ಬೆಳಿಗ್ಗೆ ಅವಳ ಎದುರು ಕುಳಿತು, ಬಾಯಿ ಅಗಲಿಸಿ, ನನ್ನ ಹೆಸರನ್ನು ನಾನೇ ಹೇಳುತ್ತೇನೆ. ಹತ್ತು ಸಲ, ಇಪ್ಪತ್ತು ಸಲ. ಅವಳು ನನ್ನ ತುಟಿಯನ್ನೇ ನೋಡುತ್ತಿರುತ್ತಾಳೆ. ಇನ್ನೂ ಬಂದಿಲ್ಲ.