ಅಳಿಸದ ಪದಬಂಧ

ಕಿವಿಯ ಮೇಲೆ ಮೋಟು ಪೆನ್ಸಿಲ್, ಕೊರಳಲ್ಲಿ ಅಂಕಿ ಮಾಸಿದ ಟೇಪು, ಕತ್ತರಿ ಹಿಡಿದು ಹಿಡಿದು ಹೆಬ್ಬೆರಳಿನಲ್ಲಿ ಎದ್ದ ಗಟ್ಟಿ ಗಂಟು. ಸಿಂಧನೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಟೈಲರ್ ಚಾಚಾ ನನಗೆ ನೆನಪಾಗುವುದೇ ಹೀಗೆ. ತೊಂಬತ್ತರ ದಶಕದಲ್ಲಿ ಅವರ ಅಂಗಡಿಯ ಪಕ್ಕದಲ್ಲೇ ನನ್ನ ಎಸ್‌ಟಿಡಿ ಬೂತು. ಫೋನು ಮಾಡುವವರಿಗಿಂತ ಬಸ್ಸಿನ ಟೈಮು ಕೇಳುವವರೇ ಹೆಚ್ಚು. ಹಾಗಾಗಿ ಪೇಪರ್ ಬಂತೆಂದರೆ ನಾವಿಬ್ಬರೂ ಪದಬಂಧಕ್ಕೆ ಮುಗಿಬೀಳುತ್ತಿದ್ದೆವು.

ಚಾಚಾ ಅವರದು ಒಂದೇ ಕಟ್ಟುನಿಟ್ಟು: ತಪ್ಪು ಉತ್ತರವನ್ನು ಅಳಿಸುವಂತಿಲ್ಲ. ಮರುದಿನ ಸರಿಯುತ್ತರ ಬಂದಾಗ ತಪ್ಪಿಗೆ ಸುತ್ತು ಹಾಕಿ, ಆ ತಪ್ಪು ಮಾಡಿದವರ ಹೆಸರನ್ನು ಪಕ್ಕದಲ್ಲಿ ಬರೆದು, ಕತ್ತರಿಸಿ ಹಳೆಯ ಅಳತೆ ಪುಸ್ತಕದಲ್ಲಿ ಅಂಟಿಸುತ್ತಿದ್ದರು. ಒಮ್ಮೆ ‘ತಲೆಯಿಲ್ಲ, ಕೈ ಎರಡು’ ಎಂಬ ಸುಳಿವಿಗೆ ನಾನು ‘ಕುರ್ಚಿ’ ಎಂದೆ. ಮರುದಿನ ನೋಡಿದರೆ ಉತ್ತರ ‘ಅಂಗಿ’!

“ಹತ್ತು ಅಂಗಿ ತೆಲಿ ಮ್ಯಾಲೇ ತೂಗಾಡಾಕತ್ತಾವ, ನಿನಗ ಕುರ್ಚಿ ಕಾಣ್ತೇನ್ ಬೇಟಿ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕು, ಸುತ್ತು ಹಾಕಿ, ನನ್ನ ಹೆಸರಿನ ಜಾಗದಲ್ಲಿ ‘ಬೇಟಿ’, ಅಂದರೆ ಮಗಳು, ಎಂದು ಬರೆದರು.

ಒಂದು ದಿನ ಅವರ ಅಕ್ಷರಗಳು ಚೌಕ ಬಿಟ್ಟು ಗೆರೆಯ ಮೇಲೆ ಕುಳಿತಿದ್ದವು. ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ.

“ಕಣ್ಣಾಗ ಪೊರೆ ಬಂದೈತಿ. ಯಾರ ಮುಂದೂ ಹೇಳಬ್ಯಾಡ ಬೇಟಿ. ಕಣ್ಣು ಕಾಣದವನ ಕೈಯಾಗ ಯಾರರ ಅರಿವಿ ಹೊಲ್ಯಾಕ ಕೊಡ್ತಾರೇನು?”

ಅಂದಿನಿಂದ ಸುಳಿವು ಓದುವುದು, ಸೂಜಿಗೆ ದಾರ ಪೋಣಿಸುವುದು ನನ್ನ ಪಾಲಿಗೆ ಬಂತು. ಆಪರೇಷನ್ ಎಂದರೆ ಮಾತ್ರ ಈ ಮನುಷ್ಯ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಇದ್ದಷ್ಟು ದೃಷ್ಟಿಯೂ ಹೋಗಿಬಿಟ್ಟರೆ ಎಂಬ ಹೆದರಿಕೆ. ಒಂದು ಮಧ್ಯಾಹ್ನ ಮಷೀನಿನ ಸೂಜಿ ಬೆರಳಿಗೇ ಇಳಿಯಿತು. ರಕ್ತ ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ಕಣ್ಣು ತೋರಸೂತನಕಾ ಒಂದು ಸುಳಿವೂ ಓದೂದಿಲ್ರಿ ಚಾಚಾ!”

ಮೂರು ದಿನ ಮುಖ ಊದಿಸಿಕೊಂಡು ಕೂತರು. ಹಟಕ್ಕೆ ಬಿದ್ದು ಮೂರು ದಿನದ ಖಾಲಿ ಪದಬಂಧಗಳನ್ನೂ ಕತ್ತರಿಸಿ ಅಂಟಿಸಿದರು. ನಾಲ್ಕನೆಯ ದಿನ ಬೂತಿನ ಬಾಗಿಲಿಗೆ ಬಂದು ಪೇಪರ್ ಚಾಚಿದರು.

“ಓದು ಬೇಟಿ. ಲಿಂಗಸುಗೂರಾಗ ಕಣ್ಣಿನ ಕ್ಯಾಂಪ್ ಐತಂತ. ಹೋಗ್ತೀನಿ.”

ಹೋದರು. ದೃಷ್ಟಿ ಮರಳಿತು. ಆಮೇಲೆ ಇನ್ನೂ ಎಂಟು ರಂಜಾನ್‌ಗಳಿಗೆ ಓಣಿಯವರ ಹೊಸ ಬಟ್ಟೆ ಹೊಲಿದರು.

ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಚಾಚಿ ಆ ಅಳತೆ ಪುಸ್ತಕವನ್ನು ನನ್ನ ಕೈಗಿಟ್ಟರು. ಪುಟಪುಟಕ್ಕೂ ಸುತ್ತು, ಸುತ್ತಿನ ಪಕ್ಕ ‘ಬೇಟಿ’. ನನ್ನ ದಡ್ಡತನಕ್ಕೆ ನನಗೇ ನಗು ಬಂತು. ಹಾಗೇ ತಿರುವುತ್ತಾ ಹೋದಾಗ ಆ ಮೂರು ಖಾಲಿ ಪದಬಂಧಗಳು ಸಿಕ್ಕವು. ಯಾವಾಗ ಮಾಡಿದ್ದರೋ, ಮೂರನ್ನೂ ಸೇರಿಸಿ ಒಂದು ದೊಡ್ಡ ಸುತ್ತು ಹಾಕಿದ್ದರು. ಪಕ್ಕದಲ್ಲಿ ಸ್ಪಷ್ಟ, ದುಂಡು ಅಕ್ಷರದಲ್ಲಿ ‘ಚಾಚಾ’ ಎಂದಿತ್ತು. ಚಾಚಿಯ ಎದುರಿಗೇ ಅತ್ತುಬಿಟ್ಟೆ.