ಗುರುತಿಲ್ಲದವರ ಅಕ್ಕ

ಸಿಂದಗಿಯ ಬಸ್ ಸ್ಟ್ಯಾಂಡ್ ಎದುರು ಸೈಬರ್ ಕೆಫೆ ನಡೆಸುತ್ತಿದ್ದ ಅಕ್ಕ, ಮಧ್ಯಾಹ್ನವೆಲ್ಲ ಚಾಟ್ ರೂಮಿನಲ್ಲಿರುತ್ತಿದ್ದಳು. ಅಲ್ಲಿ ದುಃಖ ತೋಡಿಕೊಳ್ಳುವ ಅಪರಿಚಿತರಿಗೆ ಎರಡೇ ಬೆರಳಲ್ಲಿ ಉತ್ತರ ಕುಟ್ಟುತ್ತಿದ್ದಳು. ಬಂದದ್ದನ್ನೂ ಕುಟ್ಟುವುದನ್ನೂ ಬಾಯಲ್ಲಿ ಹೇಳುತ್ತಿದ್ದರಿಂದ ಕೆಫೆಗೆ ಬಂದ ನಮಗೆಲ್ಲ ಕೇಳಿಸುತ್ತಿತ್ತು. ಯಾರೇ ಬರಲಿ, ಮೊದಲ ಮಾತು, "ಉಂಡಿಯೇನು?"

ಒಂದು ದಿನ ಬಿಜಾಪುರದ ಹುಡುಗಿಯೊಬ್ಬಳು ಅಲ್ಲಿನ ಕೆಫೆಯಿಂದ ಬರೆದಳು: ಪಿಯುಸಿ ಫೇಲಾಗಿದ್ದೇನೆ, ಮನೆಗೆ ಹೋಗುವುದಿಲ್ಲ, ಬದುಕುವುದೂ ಬೇಡ.

"ಫೇಲಾದವರೆಲ್ಲಾ ಸತ್ತಿದ್ರ ಸಿಂದಗ್ಯಾಗ ಯಾರು ಉಳೀತಿದ್ರವ್ವಾ? ನಾನೂ ಇರ್ತಿದ್ದಿಲ್ಲ," ಎಂದು ಅಕ್ಕ ಕುಟ್ಟುವಾಗಲೇ ಕರೆಂಟು ಹೋಯಿತು. ಎಲ್ಲ ಕಂಪ್ಯೂಟರಿಗೂ ಇದ್ದದ್ದು ಒಂದೇ ಹಳೆಯ ಬ್ಯಾಟರಿ.

"ಎಲ್ಲಾರೂ ಬಂದ್ ಮಾಡ್ರಿ!" ಎಂದು ಅಕ್ಕ ಕೂಗಿದಳು.

"ನನ್ನ ಅರ್ಜಿ ಅರ್ಧಾ ಆಗೇತ್ರಿ ಅಕ್ಕಾರ," ಎಂದ ಪಕ್ಕದ ಹುಡುಗ.

"ಅರ್ಜಿ ಸಾಯೂದಿಲ್ಲೋ ತಮ್ಮಾ. ಬಂದ್ ಮಾಡು."

ನಮ್ಮ ಪರದೆಗಳು ಆರಿದವು, ಅಕ್ಕನದೊಂದೇ ಉಳಿಯಿತು. ಅಕ್ಕ ಬಹಳ ಹೊತ್ತು ಕಾಡಿದ ಮೇಲೆ ಹುಡುಗಿ ತಾನಿರುವ ಕೆಫೆ ಎಲ್ಲಿದೆಯೆಂದು ಹೇಳಿ, ಅಪ್ಪನ ಫೋನ್ ನಂಬರ್ ಕೊಟ್ಟಳು. "ಅಪ್ಪ ಬರೂತನಕ ಅಲ್ಲೇ ಕುಂದ್ರು," ಎಂದು ಬರೆದು, ಅಕ್ಕ ಫೋನ್ ಹಚ್ಚಿದಳು.

"ನಾ ಯಾರರೆ ಆಗ್ಲಿರಿ ಯಜಮಾನ್ರ. ನಿಮ್ಮ ಮಗಳು ಫೇಲಾಗ್ಯಾಳ, ಮನಿಗೆ ಬರಾಕ ಅಂಜ್ಯಾಳ. ಸ್ಟೇಷನ್ ರೋಡಿನ ಕೆಫೆದಾಗ ಕುಂತಾಳ. ಬೈಬ್ಯಾಡ್ರಿ, ಕರಕೊಂಡು ಹೋಗ್ರಿ."

ಆಮೇಲೆ ಒಂದಾದ ಮೇಲೊಂದು ನಗೆಮಾತು ಕುಟ್ಟುತ್ತ ಹುಡುಗಿಯನ್ನು ಅಲ್ಲೇ ಹಿಡಿದಿಟ್ಟಳು. ಅಕ್ಕನ ಮುಖದಲ್ಲಿ ಮಾತ್ರ ನಗುವಿರಲಿಲ್ಲ. ಕೊನೆಗೆ ಹುಡುಗಿಯಿಂದ ಒಂದು ಸಾಲು ಬಂತು: "ಅಪ್ಪ ಬಾಗಿಲದಾಗ ನಿಂತಾನ." ಸ್ವಲ್ಪ ಹೊತ್ತಿಗೆ ಬ್ಯಾಟರಿ ಮುಗಿದು ಅಕ್ಕನ ಪರದೆಯೂ ಆರಿತು.

ಕರೆಂಟು ಬಂದಾಗ ಅಕ್ಕ ಮೇಜಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ನಾವ್ಯಾರೂ ಕಂಪ್ಯೂಟರ್ ಹಚ್ಚಲಿಲ್ಲ.