ಕೂಸು ಅಳಲಿ ಎನ್ನುವ ರಾಜಮಾ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಆಗಲೇ ಮಗ್ಗಗಳು ಸದ್ದು ಮಾಡುತ್ತಿವೆ. ಸೂಲಗಿತ್ತಿ ರಾಜಮಾ ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಶಂಕ್ರವ್ವನ ಎರಡು ತಿಂಗಳ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಬಿಸಿನೀರು ಎರೆಯುತ್ತಿದ್ದಾಳೆ. ಕೂಸು ಅಳುತ್ತಿಲ್ಲ. ಅಷ್ಟಕ್ಕೇ ರಾಜಮಾಳ ಮೈ ಉರಿಯುತ್ತದೆ.

“ಅನ್ನವ್ವಕ್ಕ, ಮತ್ತ ಅಫೀಮು ನೆಕ್ಕಿಸೀರೇನು?”

ಕೂಸಿನ ಅಜ್ಜಿ ಅನ್ನವ್ವ ಒಲೆಯ ಕಡೆ ಮುಖ ತಿರುಗಿಸುತ್ತಾಳೆ.

ಇದು ಹಳೆಯ ಜಗಳ. ರಾಜ್ಯ ಒಂದಾಯಿತು, ಊರು ಮುಂಬಯಿ ಪ್ರಾಂತ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ತಾಯಿ ಕೆಲಸಕ್ಕೆ ಕೂಡಲೆಂದು ಕೂಸಿಗೆ ಸಾಸಿವೆಯಷ್ಟು ಅಫೀಮು ನೆಕ್ಕಿಸಿ, ನೇಯುವವರು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯ ಪಕ್ಕದ ಥಂಡಿಯಲ್ಲಿ ಮಲಗಿಸುವ ಚಾಳಿ ಮಾತ್ರ ಜಪ್ಪಯ್ಯ ಎಂದರೂ ಹೋಗಿಲ್ಲ. ಗಂಡ ತೀರಿದ ಮೇಲೆ ಅತ್ತೆಯಿಂದ ಈ ಕೆಲಸ ಕಲಿತ ರಾಜಮಾ ಸೂಡಿ ಊರಿನವರೆಗೂ ನಡೆದು ಹೋಗಿ ಹೆರಿಗೆ ಮಾಡಿಸುತ್ತಾಳೆ. ಹೆರುವಾಗ ಕೈಮುಗಿಯುವ ಜನ ಆಮೇಲೆ ತನ್ನ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎನ್ನುವುದೇ ಅವಳ ಗೋಳು.

ಇಂದು ಅನ್ನವ್ವನೂ ಸುಮ್ಮನಿಲ್ಲ. ಮಗ, ಈ ಕೂಸಿನ ಅಪ್ಪ ಮಾಳಪ್ಪನನ್ನು ಹೀಗೇ ಬೆಳೆಸಿದೆ, ಅವನೇನು ಸತ್ತುಹೋದನೇ ಎಂದು ಕೇಳುತ್ತಾಳೆ.

ರಾಜಮಾ ಚರಿಗೆ ಕೆಳಗಿಡುತ್ತಾಳೆ. “ಸತ್ತಿಲ್ಲ ಖರೇ. ಅವನ್ನೂ ಮೊದಲ ಎತ್ತಿಕೊಂಡಾಕಿ ನಾನ. ಎದಿ ಬಲಿಯೋ ಹೊತ್ತಿನ್ಯಾಗ ಅಳಲಿಲ್ಲ, ಹಾಲು ಕುಡೀಲಿಲ್ಲ, ಬರೇ ಮಲಗಿದ್ದ. ಈಗ ಹರೇದಾಗ ಮುದುಕರಂಗ ತೇಕತಾನ. ಈ ಕೂಸಿಗೂ ಅದ ಬೇಕೇನು?”

ಒಳಗೆ ಮಗ್ಗ ನಿಲ್ಲುತ್ತದೆ. ಮಾಳಪ್ಪ ಕುಣಿಯಿಂದ ಮೇಲೆ ಬಂದು, ಗೋಡೆ ಹಿಡಿದು ನಿಂತು, ಉಸಿರು ಸಿಕ್ಕ ಮೇಲೆ ತೊಟ್ಟಿಲನ್ನು ಬಿಸಿಲು ಬೀಳುವ ಪಡಸಾಲೆಗೆ ಕಟ್ಟುತ್ತೇನೆ ಎನ್ನುತ್ತಾನೆ. ಕೂಸು ಎಚ್ಚರವಿದ್ದರೆ ಸೀರೆ ಮುಗಿಯುವುದು ಯಾವಾಗ ಎಂದು ಅನ್ನವ್ವ ಗೊಣಗುತ್ತಾಳೆ. ತಡವಾಗಿ ಮುಗಿಯಲಿ ಎನ್ನುತ್ತಾನೆ ಮಗ. ಶಂಕ್ರವ್ವ ಅತ್ತೆಯ ಮುಖ ನೋಡದೆ ಅಫೀಮಿನ ಡಬ್ಬಿ ತಂದು ರಾಜಮಾಳ ಮುಂದಿಡುತ್ತಾಳೆ. ಒಂದು ಮನೆ ಗೆದ್ದಂತಾಯಿತು, ಓಣಿ ಹಾಗೇ ಇದೆ ಎಂದು ರಾಜಮಾ ನಿಟ್ಟುಸಿರು ಬಿಡುತ್ತಾಳೆ.

ನಿನಗೇನು ಬೇಕು ಎಂದು ಅನ್ನವ್ವ ಕೇಳಿದರೆ ಮೊದಲು ಗದರುತ್ತಾಳೆ. ಆಮೇಲೆ ಗುಡ್ಡದ ಏರಿನಲ್ಲಿರುವ, ತನ್ನ ಗಂಡನನ್ನು ಮಣ್ಣು ಮಾಡಿದ ಖಬರಸ್ತಾನದ ಕಡೆ ಕೈ ತೋರಿಸುತ್ತಾಳೆ.

“ನನ್ನ ಕೈಯಾಗ ಹುಟ್ಟಿದವರು ಒಂದಿನ ನನ್ನ ಹೊತ್ತಗೊಂಡು ಅಲ್ಲಿಗೆ ಹೋಗ್ತಾರಲ್ರಿ, ನಡುವ ತೇಕಿ ಎಲ್ಲೂ ಇಳಸಬಾರ್ದು.”